ಫೆಬ್ರವರಿ ಮೂವತ್ತೊಂದರ ಹಾಜರಿ

ಗುಬ್ಬಿ,
೧೮ ಆಗಸ್ಟ್ ೨೦೦೩

ಸನ್ಮಾನ್ಯ ಸಂಯೋಜಕರು,
'ಕೂಡಿ ಕಲಿಯೋಣ' ಕುಟುಂಬ ಕಲಿಕಾ ಯೋಜನೆ,
ತುಮಕೂರು ಇವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಜೀಪಿಗೂ, ತಮ್ಮ ಕಚೇರಿಯ ಕಬ್ಬಿಣದ ಬೀರುವಿಗೂ, ಆ ಬೀರುವಿನೊಳಗೆ ನೆಮ್ಮದಿಯಾಗಿ ಮಲಗಿರುವ ಹಾಜರಿ ಪುಸ್ತಕಕ್ಕೂ ಗುಬ್ಬಿಯ ಬಳೆ ವ್ಯಾಪಾರಿ ನಯಾಜ್ ಅಹಮದ್ ಸಲ್ಲಿಸುವ ಸಲಾಮುಗಳು. ಮೊನ್ನೆ ಸ್ವಾತಂತ್ರ್ಯ ದಿನಾಚರಣೆಯ ಬೆಳಿಗ್ಗೆ ತಾವು ನಮ್ಮೂರ ಶಾಲೆಯ ಮೈದಾನದಿಂದ ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಬಿಟ್ಟಿರಿ. ಹೀಗಾಗಿ ಎದುರಿಗೆ ನಿಂತು ಅರ್ಪಿಸಬೇಕಾಗಿದ್ದ ಕೃತಜ್ಞತೆಯನ್ನು, ಪತ್ರಿಕೆಯವರು ಕೃಪೆಮಾಡಿ ಅಚ್ಚು ಹಾಕಿದರೆ ತುಮಕೂರಿನಿಂದ ಕುಣಿಗಲ್‌ವರೆಗೆ ಎಲ್ಲರೂ ಓದುವಂತೆ, ಹೀಗೆ ಬಹಿರಂಗವಾಗಿ ಬರೆದು ಅರ್ಪಿಸುತ್ತಿದ್ದೇನೆ.

ನಾನು ೧೯೭೬ರಲ್ಲೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಆದರೆ ಅಂದು ವೇದಿಕೆಯ ಮೇಲೆ ತಾವು ನನ್ನ ಕೈಗೆ ಕೊಟ್ಟ ಪ್ರಮಾಣಪತ್ರದ ಪ್ರಕಾರ, ಅನಕ್ಷರಸ್ಥನಾಗಿದ್ದ ನಾನು ಫೆಬ್ರವರಿಯಿಂದ ಜುಲೈವರೆಗೆ ಒಂದು ದಿನವೂ ತಪ್ಪದೆ ಪಾಠಕ್ಕೆ ಬಂದು, ನೂರಕ್ಕೆ ಎಪ್ಪತ್ತೆಂಟು ಅಂಕ ಪಡೆದು, ಓದು ಬರಹ ಕಲಿತಿದ್ದೇನೆ. ಅದೇ ಪಾಠಕ್ಕೆ ನನ್ನ ಜೊತೆಯಲ್ಲೇ ಹೆಸರು ಕೊಟ್ಟಿದ್ದ ನನ್ನ ಹೆಂಡತಿ ಜಮಾಲುನ್ನೀಸಾಳ ಹೆಸರಿನ ಮುಂದೆ 'ಹಾಜರಾತಿ ಕೊರತೆ, ಅನುತ್ತೀರ್ಣ' ಎಂದು ಬರೆದಿದೆ. ಆ ಪ್ರಮಾಣಪತ್ರವಿಲ್ಲದೆ ಅವಳಿಗೆ ಶಾಲೆಯ ಬಿಸಿಯೂಟದ ಅಡುಗೆ ಕೆಲಸ ಸಿಗುವುದಿಲ್ಲ, ಅರ್ಜಿ ಕೊಡಲು ಇದೇ ಇಪ್ಪತ್ತೈದು ಕೊನೆಯ ದಿನ. ಈ ಅದ್ಭುತ ನಡೆದದ್ದು ಹೇಗೆಂದು ತಾವು ಕೆಲಸದ ಒತ್ತಡದಲ್ಲಿ ಮರೆತಿರಬಹುದಾದ್ದರಿಂದ ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಜನವರಿಯ ಒಂದು ಭಾನುವಾರ ತಾವು ಇದೇ ಶಾಲೆಯ ವರಾಂಡದಲ್ಲಿ ನಿಂತು ಮಾಡಿದ ಭಾಷಣ ನನಗೆ ಚೆನ್ನಾಗಿ ನೆನಪಿದೆ. ಓದು ಕಲಿಸುತ್ತೇವೆ ಬನ್ನಿ ಎಂದರೆ ಯಾರೂ ಬರುವುದಿಲ್ಲ, ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಿಕೊಂಡರೆ ಮನುಷ್ಯನಿಗೆ ತಾನಾಗಿಯೇ ಹುಮ್ಮಸ್ಸು ಬರುತ್ತದೆ, ಅದರಲ್ಲೂ ಗಂಡ ಹೆಂಡತಿ ಒಂದೇ ಅರ್ಜಿಯಲ್ಲಿ ಹೆಸರು ಕೊಟ್ಟರೆ ಒಬ್ಬರನ್ನೊಬ್ಬರು ಎಳೆದುಕೊಂಡು ಬರುತ್ತಾರೆ, ಹೀಗೆ ಇಡೀ ಕುಟುಂಬ ಕೂಡಿ ಕಲಿಯುತ್ತದೆ, ಇದು ಬಲ್ಲವರು ಕಂಡುಕೊಂಡ ಸತ್ಯ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಪಾಸಾದ ಹೆಂಗಸರಿಗೆ ಶಾಲೆಯಲ್ಲಿ ಶುರುವಾಗಲಿರುವ ಬಿಸಿಯೂಟದ ಅಡುಗೆ ಕೆಲಸದಲ್ಲಿ ಮೊದಲ ಆದ್ಯತೆ ಎಂದೂ ಸೇರಿಸಿದಿರಿ. ಹೆಂಗಸರ ಸಾಲಿನಲ್ಲಿದ್ದ ನನ್ನ ಹೆಂಡತಿ ಆ ಮಾತು ಕೇಳಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಇಪ್ಪತ್ತು ವರ್ಷದಿಂದ ಗುಬ್ಬಿಯ ಮದುವೆ ಮನೆಗಳಲ್ಲಿ ದೇಗಿನ ದೊಡ್ಡ ಹಂಡೆಯ ಮುಂದೆ ನಿಂತು ಮುನ್ನೂರು ನಾನೂರು ಜನಕ್ಕೆ ಬೇಯಿಸಿ ಹಾಕಿದವಳು ಅವಳು, ಆದರೆ ಊಟ ಮಾಡಿ ಹೋದವರಲ್ಲಿ ಯಾರಿಗೂ ಅವಳ ಹೆಸರು ಗೊತ್ತಿಲ್ಲ. ತನ್ನದು ಎನ್ನುವ ಒಂದು ಕೆಲಸ ಬೇಕೆಂಬ ಆಸೆ ಅವಳಿಗಿತ್ತೆಂಬುದು ನನಗೂ ಅಂದೇ ತಿಳಿದದ್ದು.

ತಮ್ಮ ಸಿದ್ಧಾಂತ ನಮ್ಮ ಬೀದಿಯಲ್ಲಿ ಫಲಿಸಿದಷ್ಟು ಬೇರೆಲ್ಲೂ ಫಲಿಸಿರಲಾರದು. ನಮ್ಮಲ್ಲಿ ಹೆಂಗಸರು ಹೆಸರು ಕೊಡುವುದೆಂದರೆ ಹುಡುಗಾಟವಲ್ಲ. ಮದುವೆ ಮನೆಗೆ ಈರುಳ್ಳಿ ಹೆಚ್ಚಲು ಬರುತ್ತೇನೆಂದು ಹೆಸರು ಕೊಟ್ಟವಳು ಮೈಯಲ್ಲಿ ಜ್ವರವಿದ್ದರೂ ಹೋಗುತ್ತಾಳೆ. ಪಕ್ಕದ ಮನೆಯ ಶಿವರುದ್ರಮ್ಮನವರು ಮಠದ ದಾಸೋಹಕ್ಕೆ ಅಕ್ಕಿ ಆರಿಸಲು ಹೆಸರು ಕೊಟ್ಟುಬಿಟ್ಟಿದ್ದರಿಂದ ಒಡಹುಟ್ಟಿದ ತಮ್ಮನ ಗೃಹಪ್ರವೇಶಕ್ಕೂ ಹೋಗದೆ ಅಕ್ಕಿ ಆರಿಸಿ ಬಂದವರು. ಅವರೂ ನನ್ನ ಹೆಂಡತಿಯೂ ಜೊತೆಯಾಗಿ ಎದ್ದು ಬಂದರು. ಜಮಾಲುನ್ನೀಸಾ ಉರ್ದು ಬಲ್ಲವಳು, ಕನ್ನಡದ ಅಕ್ಷರ ಮಾತ್ರ ಬಾರದು. ಉರ್ದುವಿನಲ್ಲಿ ಸಹಿ ಹಾಕಲು ಪೆನ್ನು ತೆಗೆದುಕೊಂಡವಳಿಗೆ ತಾವು, "ಉರ್ದು ಬೇಡಮ್ಮ, ಆಮೇಲೆ ಓದಿದೋರ ಲೆಕ್ಕಕ್ಕೆ ಹೋಗ್ಬಿಡ್ತೀರ, ಸುಮ್ನೆ ಹೆಬ್ಬೆಟ್ಟು ಒತ್ತಿ" ಎಂದು ಬುದ್ಧಿ ಹೇಳಿದಿರಿ. ಓದು ಬರಹದ ಕಡೆಗೆ ಅವಳು ಇಟ್ಟ ಮೊದಲ ಹೆಜ್ಜೆಯೇ ಪೆನ್ನು ಕೆಳಗಿಡುವುದಾಯಿತು. ಗಂಡಂದಿರ ಹೆಸರಿಲ್ಲದಿದ್ದರೆ ಅದು ಕುಟುಂಬವೇ ಅಲ್ಲವಾದ್ದರಿಂದ ನಾನೂ, ಶಿವರುದ್ರಮ್ಮನವರ ಯಜಮಾನರೂ ದಿನಕ್ಕೆ ಎರಡು ಪತ್ರಿಕೆ ಓದುವವರೂ ಆದ ಕೊಬ್ಬರಿ ವ್ಯಾಪಾರಿ ಮಹಾಲಿಂಗಯ್ಯನವರೂ ಅನಕ್ಷರಸ್ಥರಾದೆವು. ಎಂಟನೇ ತರಗತಿಯ ನಮ್ಮ ಮಗಳು ಉಝ್ಮಾಳ ಹೆಸರನ್ನೂ ಸೇರಿಸಿ ಎಂದಾಗ ಹದಿನೈದರ ಕೆಳಗಿನವರಿಗೆ ಕಾಲಂ ಇಲ್ಲ ಎಂದಿರಿ.

ಮರುದಿನ ಮಧ್ಯಾಹ್ನ ತಾವು ಹಾಜರಿ ಪುಸ್ತಕ ಹಿಡಿದು ನನ್ನ ಅಂಗಡಿಗೇ ದಯಮಾಡಿಸಿದಿರಿ. ಮಹಾಲಿಂಗಯ್ಯನವರನ್ನೂ ಅಲ್ಲಿಗೇ ಕರೆಸಿಕೊಂಡಿರಿ. "ನೋಡಿ ಸಾಹೇಬ್ರೆ, ನೀವು ವ್ಯಾಪಾರಸ್ಥರು, ದಿನಾ ಬಂದು ಸೈನ್ ಮಾಡೋಕೆ ಎಲ್ಲಾಗುತ್ತೆ, ಎಲ್ಲಾ ಈಗ್ಲೇ ಹಾಕ್ಬಿಡಿ, ಮುಂದಿಂದು ನಾನ್ ನೋಡ್ಕೋತೀನಿ" ಎಂಬ ತಮ್ಮ ಮಾತಿನಲ್ಲಿ ಎಂಥ ಕಾಳಜಿಯಿತ್ತು. ನಾನಾದರೋ ಅಂಗಡಿಗೆ ಬಂದವರಿಗೆ ಇಲ್ಲ ಎಂದವನಲ್ಲ, ಕೈಗೆ ಏರದ ಬಳೆಯನ್ನೂ ಏರುತ್ತದೆ ತಾಯಿ ಎಂದು ಹೇಳಿಯೇ ಸಂಸಾರ ನಡೆಸಿದವನು. ಮಾರಾಯರೇ, ಆ ಪುಸ್ತಕದ ಪ್ರತಿ ಪುಟದಲ್ಲೂ ಮೂವತ್ತೊಂದು ಮನೆ ಗೆರೆ ಎಳೆದಿತ್ತು. ಆರು ತಿಂಗಳಿಗೆ ನೂರ ಎಂಬತ್ತಾರು ಸಹಿ. ಅರ್ಧ ದಾರಿಯಲ್ಲಿ ಮಹಾಲಿಂಗಯ್ಯನವರು ಬೆರಳು ನೋಯ್ತದೆ ಎಂದರು, ಟೀ ತರಿಸಿದೆ, ಕುಡಿದು ಮುಂದುವರಿಸಿದೆವು. ಬಕ್ರೀದ್ ದಿನ ನಾನು ಪಾಠಕ್ಕೆ ಬಂದೆ, ಶಿವರಾತ್ರಿಯ ದಿನ ಅವರು ಬಂದರು, ಭಾನುವಾರಗಳಲ್ಲಂತೂ ಇಬ್ಬರೂ ಬಿಡದೆ ಬಂದೆವು. ಹೆಂಗಸರದ್ದು ಹೇಗೆ ಎಂದು ಕೇಳಿದ್ದಕ್ಕೆ, ಹೆಬ್ಬೆಟ್ಟನ್ನು ಮುಂಚಿತವಾಗಿ ಒತ್ತಿಸಿಕೊಳ್ಳಲು ನಿಯಮವಿಲ್ಲ, ಅವರು ದಿನಾ ಬಂದು ಒತ್ತಲಿ ಎಂದಿರಿ. ನಿಯಮದ ವಿಷಯದಲ್ಲಿ ತಾವು ಎಷ್ಟು ಕಟ್ಟುನಿಟ್ಟೆಂಬುದನ್ನು ಅಂದೇ ಕಂಡೆ.

ಫೆಬ್ರವರಿ ಒಂದನೇ ತಾರೀಖು ಸಂಜೆ ನಾಲ್ಕಕ್ಕೆ ಇಬ್ಬರು ಹೆಂಗಸರೂ ಇಸ್ತ್ರಿಯ ಸೀರೆ ಉಟ್ಟು, ಬಗಲಲ್ಲಿ ಸ್ಲೇಟು ಇಟ್ಟುಕೊಂಡು, ಶಾಲೆಯ ಹಿಂಬದಿಯಲ್ಲಿ ತಾವು ಗೊತ್ತುಮಾಡಿದ್ದ ಕೊಠಡಿಗೆ ಹೋದರು. ಬಾಗಿಲಿಗೆ ಹೊಸ ಬೀಗ ಹಾಕಿತ್ತು. ಐದರವರೆಗೆ ಕಾದು ಬಂದರು. ಮರುದಿನ ಹೋದರು, ಬೀಗ. ಅದರ ಮರುದಿನವೂ ಹೋದರು. ಮಹಾಲಿಂಗಯ್ಯನವರು ತಡೆಯಲಾರದೆ, ಯಾಕೆ ಸುಮ್ಮನೆ ಅಲೆಯುತ್ತೀಯ ಎಂದು ಗದರಿದರಂತೆ. ಅದಕ್ಕೆ ಶಿವರುದ್ರಮ್ಮನವರು, "ಹೆಸ್ರು ಕೊಟ್ ಮೇಲೆ ಹೋಗ್ದೆ ಇರಕ್ಕಾಯ್ತದಾ? ಅವ್ರು ಬರ್ದೆ ಇದ್ರೆ ಅದು ಅವ್ರಿಗ್ ಬುಟ್ಟಿದ್ದು, ನಾವಂತೂ ಹೋಗ್ತೀವಿ" ಎಂದು ಹೊರಟೇಬಿಟ್ಟರು. ಇದಲ್ಲವೇ ತಾವು ಹೇಳಿದ್ದ ಹುಮ್ಮಸ್ಸು? ಹೆಸರು ಕೊಟ್ಟವರು ದಿನಾ ಬಂದರು, ಬಾರದಿದ್ದವರು ಹೆಸರು ಬರೆದುಕೊಂಡವರು ಮಾತ್ರ.

ಪಾಠ ಶುರುವಾದದ್ದು ಎರಡನೇ ವಾರದಲ್ಲಿ. ಶಾಲೆ ಬಿಟ್ಟು ಬಂದ ಉಝ್ಮಾ ಬೀಗದ ಮುಂದಿನ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದ ಇಬ್ಬರನ್ನು ನೋಡಿ, ತಾನೂ ಅಲ್ಲೇ ಚೀಲ ಇಳಿಸಿ, ಬಾಗಿಲ ಮೇಲಿನ ಬೋರ್ಡನ್ನು ತೋರಿಸಿ ಒಂದೊಂದೇ ಅಕ್ಷರ ಹೇಳಿಕೊಡತೊಡಗಿದಳು. ಪಠ್ಯಪುಸ್ತಕಗಳು ಕೊಠಡಿಯೊಳಗೆ ಕಟ್ಟು ಬಿಚ್ಚದೆ ಬಿದ್ದಿದ್ದವು, ಕಿಟಕಿಯ ಸರಳುಗಳ ಸಂದಿಯಿಂದ ಚೆನ್ನಾಗಿ ಕಾಣುತ್ತಿದ್ದವು. ಹೊರಗೆ ಇದ್ದದ್ದು ಆ ಬೋರ್ಡು ಒಂದೇ, ಅದರಲ್ಲಿ ಯೋಜನೆಯ ಹೆಸರಿಗಿಂತ ದಪ್ಪಗೆ ಬರೆದಿದ್ದದ್ದು ತಮ್ಮ ಶುಭನಾಮ. ಆದ ಕಾರಣ ನನ್ನ ಹೆಂಡತಿ ತನ್ನ ನಲವತ್ತೊಂದನೇ ವಯಸ್ಸಿನಲ್ಲಿ ಕನ್ನಡದಲ್ಲಿ ಓದಿದ ಮೊದಲ ಪದ, ತನ್ನ ಹೆಸರೂ ಅಲ್ಲ, ಗಂಡನ ಹೆಸರೂ ಅಲ್ಲ, ತಮ್ಮದು. ಈ ಭಾಗ್ಯ ಎಷ್ಟು ಅಧಿಕಾರಿಗಳಿಗೆ ಒದಗಿದೆಯೋ ನಾನರಿಯೆ.

ಬೋರ್ಡು ಮುಗಿದ ಮೇಲೆ ಬಿಸ್ಕತ್ತಿನ ಪೊಟ್ಟಣ, ಬೀದಿ ಗೋಡೆಯ ಸಿಮೆಂಟು ಜಾಹೀರಾತು, ತುಮಕೂರು ಬಸ್ಸಿನ ಹಣೆಬರಹ, ನನ್ನ ಅಂಗಡಿಯಲ್ಲಿ ಬಳೆ ಸುತ್ತುವ ಹಳೆಯ ಪತ್ರಿಕೆ ಎಲ್ಲವೂ ಪಾಠವಾದವು. ಒತ್ತಕ್ಷರ ಬಂದಾಗ ಜಮಾಲುನ್ನೀಸಾಗೆ ಅಳು ಬಂತು. ಇಲ್ಲಿಯವರೆಗೆ ಒಂಟಿಯಾಗಿದ್ದ ಅಕ್ಷರಕ್ಕೆ ಈಗ ಇನ್ನೊಂದನ್ನು ಯಾಕೆ ನೇತು ಹಾಕುತ್ತಾರೋ ಎಂದು ಮನೆಗೆ ಬಂದು ನನ್ನನ್ನೇ ಬೈದಳು. ಆದರೂ ಮರುದಿನ ನಾಲ್ಕಕ್ಕೆ ಸರಿಯಾಗಿ ಹೊರಟಳು. ಏಪ್ರಿಲ್ ಬಿಸಿಲಿನಲ್ಲಿ ಶಾಲೆಗೆ ರಜೆ ಬಂತು, ಮೆಟ್ಟಿಲ ಮೇಲಿನ ಪಾಠಕ್ಕೆ ರಜೆ ಬರಲಿಲ್ಲ. ಜೂನಿನ ಕೊನೆಗೆ ಇಬ್ಬರೂ ನನ್ನ ಅಂಗಡಿಯ ಮುಂದೆ ನಿಂತು ಪತ್ರಿಕೆಯ ಮುಖಪುಟ ಓದಿದರು. ಶಿವರುದ್ರಮ್ಮನವರು ಸಾಲಿನ ಕೊನೆಗೆ ಬಂದಾಗಲೆಲ್ಲ ಉಸಿರು ಬಿಡುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಹೆದರಿಕೆಯೂ ಆಯಿತು.

ಹೆದರಿಕೆ ಏಕೆಂದರೆ, ಪಾಠ ನಡೆಯುವುದೇ ಇಲ್ಲವೆಂದು ನನಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು, ಈಗ ಅವಳು ಹಾಜರಿ ಪುಸ್ತಕವನ್ನೂ ಓದಬಲ್ಲವಳಾಗಿದ್ದಳು. ಬೀಗದ ಕೈ ತಾವು ನೇಮಿಸಿದ ಮೇಷ್ಟ್ರು ಗಂಗಹನುಮಯ್ಯನವರ ಹತ್ತಿರ ಇದೆಯಂತೆ, ಅವರು ಕುಣಿಗಲ್‌ನವರಂತೆ, ಹೋಗಿ ಕೇಳಿ ಬನ್ನಿ ಎಂದು ಹೆಂಡತಿ ದುಂಬಾಲು ಬಿದ್ದಾಗ ತುಮಕೂರಿಗೆ ಹೋಗಿ ಬಸ್ಸು ಬದಲಿಸಿ ಕುಣಿಗಲ್‌ಗೆ ಹೋದೆ. ಕೆರೆ ಏರಿಯ ಪಕ್ಕದ ಸೈಕಲ್ ಅಂಗಡಿಯಲ್ಲಿ ಸಿಕ್ಕ ಆ ಪುಣ್ಯಾತ್ಮರು ಪಂಕ್ಚರ್ ಹಾಕುತ್ತಲೇ, "ನಂಗೆ ಆರ್ಡ್ರೇ ಬಂದಿಲ್ವಲ್ಲ ಸಾರ್. ಕೀ ನನ್ ತಾವ ಎಲ್ಲೈತೆ, ತುಮಕೂರ್ ಆಫೀಸ್ನಾಗೈತೆ. ಬನ್ನಿ, ಟೀ ಕುಡ್ಕೊಂಡ್ ಹೋಗಿವ್ರಂತೆ" ಎಂದರು. ಟೀ ಕುಡಿದು ತುಮಕೂರಿಗೆ ಬಂದೆ. ತಮ್ಮ ಕಚೇರಿಯಲ್ಲಿ ಗುಮಾಸ್ತರು ಕೀ ಕುಣಿಗಲ್‌ನಲ್ಲಿದೆ ಎಂದರು. ಅಲ್ಲಿಯೇ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು, ನನ್ನ ಸಹಿ ನನ್ನನ್ನೇ ನೋಡುತ್ತಿತ್ತು. ಆರು ತಿಂಗಳ ಸಹಿ ಹಾಕಿ ಕೊಟ್ಟವನು ಪಾಠವೇ ನಡೆಯುತ್ತಿಲ್ಲ ಸ್ವಾಮಿ ಎಂದು ಯಾವ ಬಾಯಲ್ಲಿ ಕೇಳಲಿ? ಬಸ್ಸು ಹತ್ತಿ ಮನೆಗೆ ಬಂದು, ಮೇಷ್ಟ್ರಿಗೆ ಹುಷಾರಿಲ್ಲವಂತೆ, ಬರುತ್ತಾರಂತೆ ಎಂದು ಹೆಂಡತಿಗೆ ಸುಳ್ಳು ಹೇಳಿದೆ. ಅವಳು ಐದು ತಿಂಗಳು ಆ ಮೇಷ್ಟ್ರ ಆರೋಗ್ಯಕ್ಕೆ ದುವಾ ಮಾಡಿದಳು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ತಮಗೂ ಸ್ವಲ್ಪ ಹಂಚೋಣವೆಂದೇ ಬರೆದೆ.

ಹೀಗೆ ನಾವು ಆಗಸ್ಟ್ ಹದಿನೈದಕ್ಕೆ ಬಂದೆವು. ಧ್ವಜಾರೋಹಣವಾದ ಮೇಲೆ ತಾವು ಫಲಿತಾಂಶ ಓದಿದಿರಿ. ನಾನು ಪಾಸು, ಎಪ್ಪತ್ತೆಂಟು. ಮಹಾಲಿಂಗಯ್ಯನವರು ಪಾಸು, ಎಂಬತ್ತೊಂದು. ನಾನಾಗಲಿ ಅವರಾಗಲಿ ಬರೆಯದ ಪರೀಕ್ಷೆಯಲ್ಲಿ ಅವರಿಗೆ ಮೂರು ಅಂಕ ಹೆಚ್ಚು ಬಂದದ್ದು ಯಾವ ಉತ್ತರಕ್ಕೆ ಎಂದು ತಿಳಿಯುವ ಕುತೂಹಲ ನನಗಿನ್ನೂ ಇದೆ. ಹೆಂಗಸರಿಬ್ಬರೂ ಹಾಜರಾತಿಯಿಲ್ಲದೆ ಫೇಲು. ಫಲಿತಾಂಶ ತಿಳಿದುಕೊಂಡಿದ್ದೇನೆ ಎಂಬುದಕ್ಕೆ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಲು ನನ್ನ ಹೆಂಡತಿಯನ್ನು ಮೇಜಿನ ಬಳಿಗೆ ಕರೆದು, ತಾವೇ ಶಾಯಿಯ ಡಬ್ಬಿ ಮುಂದೆ ಸರಿಸಿದಿರಿ. ಅವಳು, "ಬೇಡ ಸಾರ್, ಬರೀತೀನಿ" ಎಂದು ಪೆನ್ನು ಕೇಳಿದಳು. ಓದದೆ ಎಲ್ಲಿಯೂ ಸಹಿ ಹಾಕಬಾರದೆಂದು ಉಝ್ಮಾ ಹೇಳಿಕೊಟ್ಟಿದ್ದಳು. ಅದಕ್ಕೇ ಅವಳು ಬಗ್ಗಿ, ಅಕ್ಷರದ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದಳು. ಎದುರಿಗಿದ್ದ ಮೈಕನ್ನು ಯಾರೂ ಆರಿಸಿರಲಿಲ್ಲ.

ಅವಳು ತನ್ನ ಹೆಸರನ್ನು ಓದಿದಳು, ಅದರ ಮುಂದಿನ ಖಾಲಿ ಮನೆಗಳನ್ನು ನೋಡಿದಳು. ಮೇಲಿನ ಸಾಲಿನಲ್ಲಿ ನನ್ನ ಹೆಸರನ್ನು ಓದಿದಳು, ಅದರ ಮುಂದೆ ತುಂಬಿ ತುಳುಕುತ್ತಿದ್ದ ಸಹಿಗಳನ್ನು ನೋಡಿದಳು. ಪುಟ ಹಿಂದಕ್ಕೆ ತಿರುವಿದಳು, ಜುಲೈಯಿಂದ ಜೂನಿಗೆ, ಜೂನಿನಿಂದ ಮೇಗೆ, ಕೊನೆಗೆ ಫೆಬ್ರವರಿಗೆ ಬಂದು ನಿಂತಳು. ಮನೆಯಲ್ಲಿ ನನ್ನನ್ನು ಉರ್ದುವಿನಲ್ಲಿ ಬೈಯುವವಳು, ಅಂದು ಊರವರ ಮುಂದೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಏನ್ರೀ, ಫೆಬ್ರವರಿ ಮೂವತ್ತೊಂದು ಯಾವ್ ವಾರ ಬಂದಿತ್ತು?" ಮೈದಾನದಲ್ಲಿ ಮೊದಲು ಯಾರೂ ನಗಲಿಲ್ಲ. ಆಮೇಲೆ ನಕ್ಕರು. ಆಗಲೇ ತಮಗೆ ತುಮಕೂರಿನಲ್ಲಿ ತುರ್ತು ಕೆಲಸ ನೆನಪಾದದ್ದು.

ಮರುದಿನ ಅವಳು ಒಬ್ಬಳೇ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯರಾದ ಲಕ್ಷ್ಮೀನರಸಿಂಹಯ್ಯನವರು ಸಜ್ಜನರು. ಬಿಸಿಯೂಟದ ಸುತ್ತೋಲೆಯನ್ನೇ ಕೈಗೆ ಕೊಟ್ಟು ಓದಿಸಿದರಂತೆ, ಅವಳು ಎರಡು ಪುಟವನ್ನೂ ಓದಿದಳಂತೆ. "ಓದ್ತೀರಮ್ಮ, ನಂಗೆ ಡೌಟಿಲ್ಲ. ಆದ್ರೆ ಫೈಲಿಗೆ ಒಂದ್ ಕಾಗದ ಬೇಕಲ್ಲ. ನಿಮ್ಮನೇಲಿ ಯಾರ ಹತ್ರನೂ ಸರ್ಟಿಫಿಕೇಟ್ ಇಲ್ವಾ?" ಎಂದು ಕೇಳಿದ್ದಕ್ಕೆ, "ನಮ್ಮನೆಯವ್ರ ಹತ್ರ ಐತೆ ಸಾರ್" ಎಂದಳಂತೆ. ಗಂಡಸರನ್ನು ತೆಗೆದುಕೊಳ್ಳುವಂತಿಲ್ಲ ಎಂದು ಅವರು ವಿಷಾದ ವ್ಯಕ್ತಪಡಿಸಿದರು. ಮೊಟ್ಟೆ ಬೇಯಿಸಲೂ ಬಾರದ ನನ್ನಿಂದ ಊರಿನ ಮಕ್ಕಳು ಬಚಾವಾದರು ಎಂಬುದೊಂದೇ ಇದರಲ್ಲಿ ಒಳ್ಳೆಯ ಸುದ್ದಿ.

ಆದ್ದರಿಂದ ಮಾನ್ಯರೇ, ತಮ್ಮಂಥ ಸಮರ್ಥರಿಗೆ ಕಷ್ಟವಲ್ಲದ ಕೆಲವು ಕೋರಿಕೆಗಳನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ಗಂಡನ ಹೆಸರಿನ ಜಮೀನನ್ನು ಹೆಂಡತಿಯ ಹೆಸರಿಗೆ ಖಾತೆ ಬದಲಾಯಿಸುವಂತೆ, ನನ್ನ ಹೆಸರಿನಲ್ಲಿರುವ ನೂರ ಎಂಬತ್ತಾರು ದಿನದ ಹಾಜರಾತಿಯನ್ನು ಜಮಾಲುನ್ನೀಸಾಳ ಹೆಸರಿಗೆ ವರ್ಗಾಯಿಸಿಕೊಡಬೇಕು. ಇದಕ್ಕೆ ನನ್ನ ತಕರಾರಿಲ್ಲ, ಮಹಾಲಿಂಗಯ್ಯನವರೂ ಶಿವರುದ್ರಮ್ಮನವರಿಗೆ ಬರೆದುಕೊಡಲು ತಯಾರಿದ್ದಾರೆ, ಎಂಬತ್ತೊಂದು ಅಂಕವನ್ನು ಮಾತ್ರ ಇಟ್ಟುಕೊಳ್ಳುತ್ತಾರಂತೆ. ಅದು ಸಾಧ್ಯವಿಲ್ಲದಿದ್ದರೆ ಕ್ಯಾಲೆಂಡರಿನವರಿಗೆ ಒಂದು ಮಾತು ಹೇಳಿ, ಫೆಬ್ರವರಿಗೆ ಮೂರು, ಏಪ್ರಿಲ್‌ಗೆ ಒಂದು, ಜೂನಿಗೆ ಒಂದು ಹೀಗೆ ಐದು ದಿನ ಸೇರಿಸಿ, ಆ ಐದು ದಿನದಲ್ಲಾದರೂ ಬೀಗ ತೆಗೆದು ಹೆಂಗಸರಿಗೆ ಹಾಜರಿ ಹಾಕಿಸಬೇಕು. ಯಾವ ಕಾಲಮ್ಮಿಗೂ ಸೇರದ ನಮ್ಮ ಹದಿಮೂರರ ಉಝ್ಮಾ ಮೇಡಮ್ಮಿಗೆ ಒಂದು ಕಾಲಂ ಎಳೆಸಬೇಕು. ನನ್ನನ್ನು ದಯವಿಟ್ಟು ಫೇಲು ಮಾಡಬೇಕು, ಅದನ್ನು ಮಾತ್ರ ನಾನು ತಮಾಷೆಗೆ ಬರೆಯುತ್ತಿಲ್ಲ. ಮೂರು ದಿನದಿಂದ ನನ್ನ ಹೆಂಡತಿ ನನ್ನ ಜೊತೆ ಊಟಕ್ಕೆ ಬನ್ನಿ ಎನ್ನುವುದರ ಹೊರತು ಬೇರೆ ಮಾತಾಡಿಲ್ಲ. ಇಪ್ಪತ್ತೈದನೇ ತಾರೀಖಿಗೆ ಇನ್ನು ಏಳು ದಿನ ಇದೆ. ಸುಳ್ಳು ಸಹಿ ಹಾಕಿದವನು ನಾನು, ಹಾಕಿಸಿಕೊಂಡವರು ತಾವು, ಕೆಲಸ ಕಳೆದುಕೊಳ್ಳುತ್ತಿರುವವಳು ನಮ್ಮಿಬ್ಬರನ್ನೂ ನಂಬಿ ದಿನಾ ಬಂದವಳು.

ತಮ್ಮ ಸಿದ್ಧಾಂತಕ್ಕೆ ದೀರ್ಘಾಯುಸ್ಸನ್ನು ಹಾರೈಸುತ್ತ,

ತಮ್ಮ ವಿಶ್ವಾಸಿಯೂ, ತಮ್ಮ ದಾಖಲೆಯ ಪ್ರಕಾರ ಈಚೆಗಷ್ಟೇ ಅಕ್ಷರ ಕಲಿತವನೂ ಆದ,
ನಯಾಜ್ ಅಹಮದ್

ಮರೆತ ಮಾತು: ಈ ಪತ್ರವನ್ನು ಟಪಾಲಿಗೆ ಹಾಕುವ ಮೊದಲು ಓದಲು ಕೊಡಬೇಕೆಂದು ನನ್ನ ಹೆಂಡತಿ ಹಟ ಹಿಡಿದಳು, ಕೊಟ್ಟೆ. ಪೂರ್ತಿ ಓದಿ, ಪೆನ್ನು ಕಿತ್ತುಕೊಂಡು ಕೆಳಗಿನದನ್ನು ಅವಳೇ ಬರೆದಿದ್ದಾಳೆ.

ಸಾರ್, ನಮ್ಮನೆಯವ್ರು ತುಂಬಾ ಉದ್ದ ಬರ್ದವ್ರೆ. ನಂದು ಇಷ್ಟೇ. ನಾನು ದಿನಾ ಬಂದಿದ್ದೆ. ಬಂದಿದ್ಲು ಅಂತ ಬರೀರಿ. ನನ್ ಗಂಡ ಒಂದ್ ದಿನಾನೂ ಬಂದಿರ್ಲಿಲ್ಲ. ಅದನ್ನೂ ಬರೀರಿ.
ಜಮಾಲುನ್ನೀಸಾ